ಸೆಕೆಂಡ್ ಹ್ಯಾಂಡ್ ಬಾಸ್: ಹಳೇ ತಂತಿ ಬಿಚ್ಚೋಕಿಂತ ಮೊದಲ ನೆಕ್ ನೋಡ್ರಿ

ಈಗ ಸ್ಕ್ರೀನ್ ಮ್ಯಾಲೆ ಕಾಣಾಕತ್ತಿದ್ದು ನಾಕು ತಂತಿ ಬಾಸ್ ಗಿಟಾರ್. ಹುಬ್ಬಳ್ಳಿ-ಧಾರವಾಡದಾಗ ಹಳೇ ಆರ್ಕೆಸ್ಟ್ರಾದಿಂದನೋ ಕಾಲೇಜ್ ಬ್ಯಾಂಡಿನಿಂದನೋ ಕೈ ಬದಲಾಗಿ ಬರೋ ಬಾಸ್ ಬಹಳಷ್ಟು ಹಿಂಗ ಇರತಾವ. ತಂತಿ ಕರ್ರಗ, ಫ್ರೆಟ್ (ತಂತಿ ಕೆಳಗಿನ ಅಡ್ಡ ಲೋಹದ ಪಟ್ಟಿ) ಮ್ಯಾಲೆ ಹಸರು ಕಿಲುಬು, ವಾಲ್ಯೂಮ್ ತಿರುವಿದ್ರ ಚರಚರ. ಕಣ್ಣಿಗೆ ಹೊಲಸು ಕಾಣತೈತಿ ಖರೆ, ಆದ್ರ ಇವೆಲ್ಲಾ ಸಣ್ಣ ಖರ್ಚಿನ ಕೆಲಸ. ರೊಕ್ಕ ನುಂಗೋದು ನೆಕ್, ಅಂದ್ರ ಫ್ರೆಟ್ ಕೂತಿರೋ ಉದ್ದನ ಕಟ್ಟಿಗಿ. ಅದನ್ನ ಅಳೀಬೇಕಂದ್ರ ತಂತಿ ಬಿಗಿ ಇರಬೇಕು, ಹಿಂಗಾಗಿ ಹಳೇ ತಂತಿ ಈಗ ಬಿಚ್ಚಬ್ಯಾಡ್ರಿ.

ಟ್ಯೂನರ್ ಹಾಕಿ ನಿಧಾನಕ್ಕ ಇ, ಎ, ಡಿ, ಜಿ ಸುರಕ್ಕ ತರ್ರಿ. ನುಡಿಯೋ ತಂತಿ ಉದ್ದ 34 ಇಂಚಿರೋ ಬಾಸ್‌ದಾಗ ನಾಕೂ ತಂತಿ ಕೂಡಿ ನೆಕ್ಕನ್ನ ಸುಮಾರು 80 ಕಿಲೋದಷ್ಟು ಎಳೀತಾವ. ತುಕ್ಕು ಹಿಡಿದ ತಂತಿ ಹರದು ಹಾರಬಹುದು, ಮುಖ ಆಚೆ ಇರಲಿ. ಒಂದು ರಾತ್ರಿ ಹಂಗ ಬಿಟ್ಟು, ಬಡಿಗ್ಯಾರು ಚೌಕಟ್ಟಿನ ಕಟ್ಟಿಗಿ ನೋಡೋ ಹಂಗ ಒಂದು ಕಣ್ಣು ಮುಚ್ಚಿ ಹೆಡ್‌ಸ್ಟಾಕ್ (ತಂತಿ ಸುತ್ತೋ ಗೂಟ ಇರೋ ತುದಿ) ಕಡೆಯಿಂದ ನೋಡ್ರಿ. ಮುಂದಕ್ಕ ಬಾಗಿದ್ರ ಸರಿಮಾಡಬಹುದು. ತಿರುಚಿಕೊಂಡಿದ್ರ, ಅಂದ್ರ ಇ ತಂತಿ ಕಡೆ ಒಂದು ನಮೂನಿ, ಜಿ ಕಡೆ ಇನ್ನೊಂದು ನಮೂನಿ ಬಾಗಿದ್ರ, ಬಿಡಿಭಾಗದ ರೇಟಿಗೆ ಕೊಟ್ರಷ್ಟ ತಗೋರಿ.

ಮೊದಲನೇ ಫ್ರೆಟ್ಟಿಗೆ ಕೇಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಇ ತಂತಿನ ಕೊನೇ ಫ್ರೆಟ್ಟಿನ್ಯಾಗ ಒತ್ತಿ ಹಿಡೀರಿ. ಎಂಟನೇ ಫ್ರೆಟ್ಟಿಗೂ ತಂತಿಗೂ ನಡುವ 0.3ರಿಂದ 0.35 ಮಿಲಿಮೀಟರ್ ಸಂದಿ ಬೇಕು. ಅಳತಿಗೆ ಬೈಕ್ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್ ಸಾಕು, ಆಟೋಮೊಬೈಲ್ ಅಂಗಡ್ಯಾಗ ಸಿಗತೈತಿ. ಸಂದಿ ಹೆಚ್ಚಿದ್ರ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ನಟ್ ಬಲಕ್ಕ, ಕಡಿಮಿ ಇದ್ರ ಎಡಕ್ಕ. ಒಂದು ಸಲಕ್ಕ ಕಾಲು ಸುತ್ತು, ಮತ್ತ ಟ್ಯೂನ್ ಮಾಡಿ ಅಳೀರಿ. ಇಲ್ಲೇ ಭಾಳ ಮಂದಿ ಕೆಡಿಸೋದು: ಮಿಲಿಮೀಟರ್ ನಟ್ಟಿಗೆ ಇಂಚಿನ ಆ್ಯಲನ್ ಕೀ ತುರುಕಿ ಅದರ ಮೂಲಿ ಸವಸಿಬಿಡ್ತಾರ. ಕೀ ಸಡಿಲ ಅನಿಸಿದ್ರ ತಿರುವಬ್ಯಾಡ್ರಿ. ನಟ್ ಪೂರಾ ಬಿಗಿ ಆದ್ರೂ ನೆಕ್ ಬಾಗೇ ಇದ್ರ ಕೈ ಬಿಡ್ರಿ, ಜೋರು ಮಾಡಿದ್ರ ರಾಡ್ ಕಟ್ ಆಗತೈತಿ.

ಈಗ ಆ್ಯಂಪ್‌ಗೆ ಹಚ್ಚಿ ಗುಂಯ್ ಅನ್ನೋದನ್ನ ಕೇಳ್ರಿ. ತಂತಿ ಮುಟ್ಟಿದಾಗ ಗುಂಯ್ ಕಡಿಮಿ ಆತಂದ್ರ ಬ್ರಿಡ್ಜ್ (ಬಾಡಿ ಮ್ಯಾಲೆ ತಂತಿ ತುದಿ ಹಿಡಿಯೋ ಲೋಹದ ಭಾಗ) ವೈರ್ ನೆಟ್ಟಗೈತಿ. ತಂತಿ ಮುಟ್ಟಿದ್ರ ಫರಕ್ ಇಲ್ಲ, ಜ್ಯಾಕಿನ ಲೋಹ ಮುಟ್ಟಿದ್ರ ಮಾತ್ರ ಕಡಿಮಿ ಆಗತೈತಿ ಅಂದ್ರ ಬ್ರಿಡ್ಜ್ ಕೆಳಗಿನ ವೈರ್ ಬಿಟ್ಟೈತಿ. ಬ್ರಿಡ್ಜ್ ಸ್ಕ್ರೂ ತಗದು, ವೈರಿನ ಬರೀ ತುದಿ ಲೋಹಕ್ಕ ತಾಗೋ ಹಂಗ ಕೂಡ್ರಿಸ್ರಿ. ಇನ್ನೊಂದು ತುದಿ ವಾಲ್ಯೂಮ್ ಪಾಟಿನ (ಗುಂಡಿ ಕೆಳಗಿನ ತಿರುಗೋ ಭಾಗ) ಬೆನ್ನಿಗೆ ಬೆಸುಗಿ. ಪಾಟಿನ ಬೆನ್ನು ಶಾಖ ಎಳಕೋತೈತಿ, 25 ವ್ಯಾಟಿನ ಐರನ್ ಸಾಲೂದಿಲ್ಲ, 60 ವ್ಯಾಟ್ ಬೇಕು. ಇದೇ ವೈರಿನಿಂದಾಗಿ ನಿಮ್ಮ ಕೈಯಾಗಿನ ತಂತಿ ಆ್ಯಂಪಿನ ಅರ್ಥಿಂಗ್ ಜೋಡಿ ಕೂಡೈತಿ ಅನ್ನೋದು ಮರೀಬ್ಯಾಡ್ರಿ. ಗಣಪತಿ ಪೆಂಡಾಲ್‌ದಾಗ ಆ್ಯಂಪಿನ ಮೂರನೇ ಪಿನ್ ಮುರದು ಹಚ್ಚೋದು ಜೀವದ ಜೋಡಿ ಆಟ.

ಚರಚರ ಸದ್ದಿಗೆ ಪಾಟ್ ಬದಲಿಸೋದು ಕೊನೀ ಮಾತು. ಕಾಂಟ್ಯಾಕ್ಟ್ ಕ್ಲೀನರಿನ ಸಣ್ಣ ನಳಿಗಿನ ಪಾಟಿನ ಮೂರು ಕಾಲಿನ ಮ್ಯಾಲಿರೋ ಸಂದ್ಯಾಗ ಇಟ್ಟು ಒಂದು ಪುಸ್, ಆಮ್ಯಾಲೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುವ್ರಿ. ಮಾಮೂಲಿ ಡಬ್ಲ್ಯೂಡಿ-40 ಹೊಡೀಬ್ಯಾಡ್ರಿ, ಅದರ ಎಣ್ಣಿ ಪಸೆ ಉಳದು ಮತ್ತ ಧೂಳ ಹಿಡೀತೈತಿ. ಅಷ್ಟಾದ್ರೂ ಹೋಗಲಿಲ್ಲಂದ್ರ 250ಕೆ ಪಾಟ್ ಹಾಕ್ರಿ. ಟೋನ್ ಕೆಪ್ಯಾಸಿಟರ್ ಕೆಟ್ಟಿದ್ರ 473 ಅಂತ ಬರದಿದ್ದು, ಅಂದ್ರ 0.047 ಮೈಕ್ರೋಫ್ಯಾರಡ್ ತರ್ರಿ. ಇವು ಬ್ಯಾಟರಿ ಇಲ್ಲದ, ಸಿಂಗಲ್ ಕಾಯಿಲ್ ಅಥವಾ ಪಿ-ಬಾಸ್ (ಫೆಂಡರ್ ಪ್ರಿಸಿಷನ್ ಬಾಸ್) ನಮೂನಿ ಪಿಕಪ್ಪಿನ (ತಂತಿ ಸದ್ದು ಹಿಡಿಯೋ ಅಯಸ್ಕಾಂತದ ಭಾಗ) ಬಾಸ್‌ಗೆ ಹೊಂದೋ ಲೆಕ್ಕ.

ಈಗ ತಂತಿ ಸಡಿಲ ಮಾಡಿ ತೆಗೀರಿ. ಪಿಕಪ್ ಮ್ಯಾಲೆ ಮಾಸ್ಕಿಂಗ್ ಟೇಪ್ ಹಚ್ಚಿ, ನಾಕು ಸೊನ್ನಿ (0000, ಅತೀ ಸಣ್ಣ ಎಳಿ) ಸ್ಟೀಲ್ ವುಲ್‌ದಿಂದ ಫ್ರೆಟ್ ತಿಕ್ಕ್ರಿ. ಟೇಪ್ ಇಲ್ಲಾಂದ್ರ ಉಕ್ಕಿನ ಪುಡಿ ಅಯಸ್ಕಾಂತಕ್ಕ ಅಂಟತೈತಿ, ತೆಗಿಯೂದು ದೊಡ್ಡ ರಗಳಿ. ರೋಸ್‌ವುಡ್ ಫ್ರೆಟ್‌ಬೋರ್ಡಿಗೆ ಮಿನರಲ್ ಆಯಿಲ್ ನಾಕು ಹನಿ ಸವರಿ ಒರಸ್ರಿ. ಮನ್ಯಾಗಿನ ಕೊಬ್ಬರಿ ಎಣ್ಣಿ ಬ್ಯಾಡ, ಕಮಟು ವಾಸನಿ ಹಿಡೀತೈತಿ. ವಾರ್ನಿಶ್ ಇರೋ ಮೇಪಲ್‌ಗೆ ಎಣ್ಣಿನ ಬೇಕಾಗಿಲ್ಲ. ಸ್ಟ್ರ್ಯಾಪ್ ಬಟನ್ ಸ್ಕ್ರೂ ಗರಗರ ತಿರುಗಾಕತ್ತಿದ್ರ ತೂತಿನ್ಯಾಗ ಫೆವಿಕಾಲ್ ಹಚ್ಚಿದ ಟೂತ್‌ಪಿಕ್ ಎರಡು ಮೂರು ಬಡದು, ಒಣಗಿದ ಮ್ಯಾಲೆ ಸ್ಕ್ರೂ ಕೂಡ್ರಿಸ್ರಿ.

ಹೊಸ ತಂತಿ 45-65-85-105ರ ಸೆಟ್ (ದಪ್ಪ, ಇಂಚಿನ ಸಾವಿರದ ಭಾಗದಾಗ). ತಂತಿ ಸುತ್ತೋ ಗೂಟದಿಂದ 10-12 ಸೆಂಟಿಮೀಟರ್ ಹೆಚ್ಚು ಬಿಟ್ಟು, ಆ ಜಾಗದಾಗ ತಂತಿನ ಮೊದಲ ಪೂರಾ ಕಾಟಕೋನಕ್ಕ ಮಣಸಿ, ಆಮ್ಯಾಲೆ ಆ ಮಣತದ ಆಚೆ ಕತ್ತರಿಸ್ರಿ. ನೆಟ್ಟಗಿದ್ದಾಗ ಕತ್ತರಿಸಿದ್ರ ಒಳಗಿನ ತಂತಿ ಮ್ಯಾಲಿನ ಸುತ್ತು ಜಾರಿ, ಹೊಸ ತಂತಿನೂ ಮಂಕು ನುಡೀತೈತಿ.

ಇನ್ನ ಎತ್ತರ. 17ನೇ ಫ್ರೆಟ್ಟಿನ ಮ್ಯಾಲೆ ಇ ತಂತಿ 2.4, ಜಿ ತಂತಿ 2 ಮಿಲಿಮೀಟರ್ ಇಟ್ಟು ಚಾಲೂ ಮಾಡ್ರಿ. ಸ್ಯಾಡಲ್ (ಬ್ರಿಡ್ಜ್ ಮ್ಯಾಲೆ ಒಂದೊಂದು ತಂತಿ ಕೂಡೋ ತುಣುಕು) ಸ್ಕ್ರೂ ತುಕ್ಕಿಗೆ ಜಾಮ್ ಆಗಿದ್ರ ಬೆಸುಗಿ ಐರನ್ ಅರ್ಧ ನಿಮಿಷ ತಾಗಿಸಿ ಬಿಸಿ ಮಾಡಿ, ಒಂದು ಹನಿ ತುಕ್ಕು ಬಿಡಿಸೋ ಎಣ್ಣಿ ಬಿಡ್ರಿ. ನಮ್ಮ ಧಾರವಾಡದ ತಂಬೂರಿಗೆ ಝೇಂಕಾರನ ಜೀವ, ಬಾಸ್‌ದಾಗ ಅದ ತಕರಾರು. ಮೊದಲ ನಾಕೈದು ಫ್ರೆಟ್ಟಿನ್ಯಾಗಷ್ಟ ಝರ್ ಅಂದ್ರ ನೆಕ್ ಅತೀ ನೆಟ್ಟಗಾಗೈತಿ. ಬಾಡಿ ಕಡೆ ಇರೋ ಮ್ಯಾಲಿನ ಫ್ರೆಟ್ಟಿನ್ಯಾಗ ಅಂದ್ರ ಸ್ಯಾಡಲ್ ತಗ್ಗೈತಿ. ಒಂದ ಫ್ರೆಟ್ಟಿನ್ಯಾಗ ಅಂದ್ರ ಅದರ ಮುಂದಿನ ಫ್ರೆಟ್ ಎದ್ದೈತಿ. ಇಂಟೊನೇಶನ್ (ಎಲ್ಲಾ ಫ್ರೆಟ್ಟಿನ್ಯಾಗ ಸುರ ಸರಿ ಬರೋದು) ಕಡೀಕ: 12ನೇ ಫ್ರೆಟ್ಟಿನ್ಯಾಗ ಒತ್ತಿದ ಸ್ವರ ಹಾರ್ಮೋನಿಕ್ಕಿಗಿಂತ (ಅಲ್ಲೇ ತಂತಿ ಒತ್ತದ ಹಗೂರ ಮುಟ್ಟಿ ನುಡಿಸಿದ ಸ್ವರ) ಏರಿದ್ರ ಸ್ಯಾಡಲ್ ಹಿಂದಕ್ಕ, ಇಳದ್ರ ಮುಂದಕ್ಕ. ನೆಕ್ ಮುಟ್ಟಿದ ಸಲಕ್ಕೊಮ್ಮೆ ಎತ್ತರ, ಇಂಟೊನೇಶನ್ ಎರಡೂ ಮತ್ತ ನೋಡಬೇಕಾಗತೈತಿ.

ಏಪ್ರಿಲ್ ಬಿಸಿಲಿಗೆ ಕಟ್ಟಿಗಿ ಒಣಗಿ ಫ್ರೆಟ್ಟಿನ ತುದಿ ಹೊರಗ ಚಾಚತಾವ, ಕೈ ಗೀರತಾವ. ಸಣ್ಣ ಕಾನಸಿನಿಂದ ಓರೆ ಮಾಡ್ರಿ. ಜೂನ್‌ದಾಗ ಜಿಟಿಜಿಟಿ ಮಳಿ ಹಿಡಿದ್ರ ಕಟ್ಟಿಗಿ ಮತ್ತ ಕದಲತೈತಿ, ಆಗ ಎಂಟನೇ ಫ್ರೆಟ್ಟಿನ ಸಂದಿ ಇನ್ನೊಮ್ಮೆ ಅಳೀರಿ.