ಬೂಟ್ ಅಡಿ ನೋಡ್ಕೊಂಡ ಅಷ್ಟೇ, ಕೊಲೆ ಆಗೋಗಿತ್ತು

ಒಂದು ಮನೆ. ಬಾಗಿಲು ತೆಗೆದು ಒಬ್ಬ ಹೊರಗೆ ಬರ್ತಾನೆ, ನಿಂತ್ಕೊಂಡು ಬೂಟ್ ಅಡಿ ನೋಡ್ಕೊತಾನೆ, ಹೊರಟುಹೋಗ್ತಾನೆ. ಗುಂಡಿನ ಸದ್ದಿಲ್ಲ, ಕಿರುಚಾಟ ಇಲ್ಲ, ಒಂದ್ ಹನಿ ರಕ್ತ ಇಲ್ಲ. ಆದ್ರೂ ಒಳಗಿದ್ದ ಹೆಣ್ಮಗಳು ಹೋದ್ಲು ಅಂತ ನಮಗೆ ಗೊತ್ತಾಗ್ಬಿಡುತ್ತೆ, ಹೊಟ್ಟೆಲಿ ಏನೋ ಹಿಂಡಿದಂಗಾಗುತ್ತೆ. ಹೆಂಗೆ?

ನಮಸ್ಕಾರ, ಇವತ್ತು ನೋ ಕಂಟ್ರಿ ಫಾರ್ ಓಲ್ಡ್ ಮೆನ್. 2007ರ ಸಿನಿಮಾ, ಕೋಯೆನ್ ಬ್ರದರ್ಸ್ ಮಾಡಿದ್ದು. ಸ್ಪಾಯ್ಲರ್ ತುಂಬಿ ತುಳುಕ್ತಿದೆ, ನೋಡಿಲ್ಲ ಅಂದ್ರೆ ಈಗ್ಲೇ ನಿಲ್ಸಿ, ಆಮೇಲೆ ಕಾಮೆಂಟಲ್ಲಿ ಬೈಬೇಡಿ.

ಕಥೆ ಸಿಂಪಲ್. 1980, ಅಮೆರಿಕದ ಪಶ್ಚಿಮ ಟೆಕ್ಸಾಸ್, ಮೆಕ್ಸಿಕೋ ಬಾರ್ಡರ್ ಹತ್ರ. ಬೇಟೆಗೆ ಹೋದ ಮಾಸ್ ಅನ್ನೋನಿಗೆ ಡ್ರಗ್ಸ್ ಡೀಲ್ ಕೆಟ್ಟು ಹೆಣ ಬಿದ್ದಿರೋ ಜಾಗ ಸಿಗುತ್ತೆ, ಜೊತೆಗೆ 20 ಲಕ್ಷ ಡಾಲರ್ ಇರೋ ಒಂದು ಪೆಟ್ಟಿಗೆ. ತಗೊಂಡ. ಆ ದುಡ್ಡಿನ ಹಿಂದೆ ಶಿಗರ್ ಅನ್ನೋ ಕೊಲೆಗಾರ ಬರ್ತಾನೆ. ಹೆಸರು ಕೇಳಿ ಮಾಸ್ ‘ಶುಗರ್’ ಅಂದ್ಕೊತಾನೆ, ನಮ್ಮ ಕಡೆ ಆ ಹೆಸರು ಕೇಳಿದ್ರೆ ಮಾತ್ರೆ ನೆನಪಾಗುತ್ತೆ, ಅದು ಬೇರೆ ಮಾತು. ಇವರಿಬ್ಬರ ಹಿಂದೆ ವಯಸ್ಸಾದ ಶೆರಿಫ್, ಅಂದ್ರೆ ಅಲ್ಲಿನ ಪೊಲೀಸ್ ಅಧಿಕಾರಿ, ಬೆಲ್. ಪಾಪ, ಸಿನಿಮಾ ಪೂರ್ತಿ ಎಲ್ಲಾ ಕಡೆ ಲೇಟಾಗೇ ಬರ್ತಾನೆ.

ಈಗ ಕೊಲೆಗಳನ್ನ ಲೈನಾಗಿ ಜೋಡಿಸಿ ನೋಡಿ. ಶುರುವಲ್ಲೇ ಶಿಗರ್ ಒಬ್ಬ ಪೊಲೀಸನ್ನ ಕೈಕೋಳದ ಚೈನಲ್ಲೇ ಕತ್ತು ಬಿಗಿದು ಸಾಯಿಸ್ತಾನೆ, ಅದನ್ನ ಪೂರ್ತಿ ತೋರಿಸ್ತಾರೆ, ಒದ್ದಾಡಿದ ಶೂ ಗೀರು ನೆಲದ ಮೇಲೆ ಉಳ್ಕೊಂಡಿರೋದನ್ನೂ ಬಿಡಲ್ಲ. ಆಮೇಲೆ ರೋಡಲ್ಲಿ ಕಾರ್ ನಿಲ್ಸಿ ಒಬ್ಬನ ಹಣೆಗೆ ಕಸಾಯಿಖಾನೆಲಿ ದನಕ್ಕೆ ಹೊಡೆಯೋ ಗಾಳಿ ಒತ್ತಡದ ಗನ್ ಇಡ್ತಾನೆ. ಅದೂ ಕಣ್ಣೆದುರಿಗೇ. ಅಲ್ಲಿಗೆ ನಮಗೆ ಟ್ರೈನಿಂಗ್ ಮುಗೀತು ಅಂತ ಇಟ್ಕೊಳ್ಳಿ, ಯಾಕಂದ್ರೆ ಅಲ್ಲಿಂದ ಮುಂದೆ ಡೈರೆಕ್ಟರ್‌ಗಳು ಕಣ್ಣಿಗೆ ಕಾಣೋದನ್ನ ಒಂದೊಂದಾಗಿ ಕಿತ್ಕೊಳ್ಳೋಕೆ ಶುರು ಮಾಡ್ತಾರೆ. ಹೋಟೆಲ್ ರೂಮಲ್ಲಿ, ತನ್ನನ್ನ ಹುಡುಕ್ಕೊಂಡು ಬಂದ ವೆಲ್ಸ್ ಅನ್ನೋನನ್ನ ಕೊಂದಮೇಲೆ ಫೋನಲ್ಲಿ ಮಾತಾಡ್ತಾ ಶಿಗರ್ ಸುಮ್ನೆ ಕಾಲೆತ್ತಿ ಮಂಚದ ಮೇಲಿಡ್ತಾನೆ, ಕೆಳಗೆ ರಕ್ತ ಹರ್ಕೊಂಡು ಬರ್ತಿರುತ್ತೆ, ಬೂಟಿಗೆ ತಾಗಬಾರದು. ಅದೊಂದು ಅಭ್ಯಾಸ ನಮ್ಮ ತಲೇಲಿ ಕೂತಿರೋದ್ರಿಂದಲೇ ಕೊನೇಲಿ ಬೂಟ್ ನೋಡ್ಕೊಂಡಿದ್ದೇ ಸಾಕಾಗುತ್ತೆ.

ಮತ್ತೆ ಮಾಸ್? ಹೀರೋ ಅಂತ ನಂಬ್ಕೊಂಡು ಬಂದೋನ ಸಾವನ್ನೇ ತೋರಿಸಲ್ಲ! ಬೆಲ್ ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಹೆಣ ಅಷ್ಟೇ. ನಮ್ ಫ್ರೆಂಡ್ ಒಬ್ಬ ಅರ್ಧರಾತ್ರಿಲಿ ಫೋನ್ ಮಾಡಿ, ಮಗಾ ನನ್ ಕಾಪೀಲಿ ಒಂದ್ ಸೀನ್ ಕಟ್ ಆಗಿದೆ ಕಣೋ ಅಂದ. ಕಟ್ ಆಗಿಲ್ಲ. ಕಾರ್ಮ್ಯಾಕ್ ಮೆಕಾರ್ಥಿಯ 2005ರ ಕಾದಂಬರೀಲೂ ಆ ಸಾವು ನಮ್ಮೆದುರಿಗೆ ನಡೆಯಲ್ಲ.

ಕಾದಂಬರಿ ವಿಷಯ ಬಂತಲ್ಲ. ಅದನ್ನ ಮೊದಲು ಸ್ಕ್ರೀನ್‌ಪ್ಲೇ ಅಂತಾನೇ ಬರೆದಿದ್ದು, ಆಮೇಲೆ ಪುಸ್ತಕ ಆಯ್ತು, ಅದಕ್ಕೇ ಓದ್ತಾ ಇದ್ರೆ ಶಾಟ್ ಶಾಟಾಗಿ ಕಾಣುತ್ತೆ. ಮಾತಿಗೆ ಕೋಟ್ ಮಾರ್ಕೇ ಹಾಕಲ್ಲ ಆ ಮನುಷ್ಯ, ಯಾರು ಮಾತಾಡಿದ್ದು ಅಂತ ಕೆಲವು ಸಲ ವಾಪಸ್ ಹೋಗಿ ಎಣಿಸ್ಬೇಕು. ಸಿನಿಮಾ ಹೆಚ್ಚುಕಮ್ಮಿ ಪುಸ್ತಕದ ಹಿಂದೇನೇ ಹೋಗುತ್ತೆ, ಆದ್ರೆ ಒಂದು ಕಡೆ ಮುಖ್ಯವಾದ ಬದಲಾವಣೆ ಇದೆ. ಶಿಗರ್ ನಾಣ್ಯ ಹಾರಿಸಿ ಬದುಕು-ಸಾವು ತೀರ್ಮಾನ ಮಾಡ್ತಾನಲ್ಲ, ಮಾಸ್ ಹೆಂಡತಿ ಕಾರ್ಲಾ ಜೀನ್ ಪುಸ್ತಕದಲ್ಲಿ ಕೊನೆಗೂ ಹೆಡ್ಡಾ ಟೇಲಾ ಅಂತ ಹೇಳ್ತಾಳೆ, ಸೋಲ್ತಾಳೆ. ಸಿನಿಮಾದಲ್ಲಿ ಆಡಲ್ಲ ಅಂತಾಳೆ. ತೀರ್ಮಾನ ನಾಣ್ಯದ್ದಲ್ಲ, ನಿಂದೇ ಅಂತ ಅವನ ಮುಖಕ್ಕೇ ಹೇಳ್ತಾಳೆ. ನನಗಂತೂ ಇದೇ ಇಷ್ಟ, ಸಿನಿಮಾದಲ್ಲಿ ಅವನ ನಾಣ್ಯದಾಟ ಆಡಲ್ಲ ಅಂತ ಎದುರುತ್ತರ ಕೊಟ್ಟಿದ್ದು ಅವಳೊಬ್ಳೇ. ಅದಾದ್ಮೇಲೇ ಆ ಬೂಟ್ ಸೀನ್ ಬರೋದು.

ಇನ್ನೊಂದು, ಮ್ಯೂಸಿಕ್. ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ನಮಗೆ ವಿಲನ್ ಎಂಟ್ರಿ ಅಂದ್ರೆ ಥಿಯೇಟರ್ ಗೋಡೆ ನಡುಗ್ಬೇಕು, ಆ ಬಿಜಿಎಂ ಒಂಥರ ಮುನ್ಸೂಚನೆ, ಈಗ ಹೆದರ್ಕೋ ಅಂತ. ಇಲ್ಲಿ ಆ ಸಹಾಯವೂ ಇಲ್ಲ. ನಾಣ್ಯ ಹಾರಿಸೋ ಪೆಟ್ರೋಲ್ ಬಂಕ್ ಸೀನಲ್ಲಿ ಶಿಗರ್ ಗೋಡಂಬಿ ತಿಂದ ಕವರನ್ನ ಮುದುರಿ ಕೌಂಟರ್ ಮೇಲಿಡ್ತಾನೆ, ಅದು ಚರಚರ ಅಂತ ತಾನಾಗೇ ಬಿಚ್ಕೊಳ್ಳೋ ಸದ್ದು ಅಷ್ಟೇ, ಎದುರಿಗಿರೋ ಮುದುಕನಿಗೆ ತಾನು ಏನನ್ನ ಪಣಕ್ಕಿಟ್ಟಿದೀನಿ ಅಂತ್ಲೂ ಗೊತ್ತಿಲ್ಲ. ಹವಿಯರ್ ಬಾರ್ಡೆಮ್‌ಗೆ ಶಿಗರ್ ಪಾತ್ರಕ್ಕೆ ಆಸ್ಕರ್ ಸಿಕ್ತು, ಸಿನಿಮಾಗೆ ಒಟ್ಟು 4 ಬಂತು. ಕೊಡದೆ ಇದ್ದಿದ್ರೆ ಆ ಹೇರ್‌ಸ್ಟೈಲ್‌ಗಾದ್ರೂ ಕೊಡ್ಬೇಕಿತ್ತು.

ನೋಡೋರು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ನೋಡಿ, ಮೊಬೈಲ್ ಸ್ಪೀಕರಲ್ಲಿ ನೋಡಿದ್ರೆ ಅರ್ಧ ಸಿನಿಮಾ ಹೋಗುತ್ತೆ. ಹೋಟೆಲ್ ಸೀನಲ್ಲಿ ಮಾಸ್ ಕತ್ತಲಲ್ಲಿ ಕೂತು ರಿಸೆಪ್ಶನ್‌ಗೆ ಫೋನ್ ಮಾಡ್ತಾನೆ, ಕೆಳಗಡೆ ಎಲ್ಲೋ ರಿಂಗ್ ಆಗೋದು ಸಣ್ಣದಾಗಿ ಕೇಳುತ್ತೆ, ಯಾರೂ ಎತ್ತಲ್ಲ. ಬಾಗಿಲ ಕೆಳಗಿನ ಬೆಳಕಲ್ಲಿ ಎರಡು ಕಾಲಿನ ನೆರಳು ಬಂದು ನಿಲ್ಲುತ್ತೆ, ಹೋಗುತ್ತೆ. ಆಮೇಲೆ ಹೊರಗಿನ ಲೈಟ್ ಆಫ್ ಆಗುತ್ತೆ.