ಶಾಲೆಯ ನಕ್ಷೆಯನ್ನು ಜುಲೈನಲ್ಲಿ ಬರೆಯೋಣ

ಎಲ್ಲರಿಗೂ ನಮಸ್ಕಾರ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು, ಶಿಕ್ಷಕರು, ಪಂಚಾಯ್ತಿಯವರು ಒಟ್ಟಿಗೆ ಕೂತಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಶಾಲೆಯ ಜಾಗ ನೋಡುವುದು, ಅಂದಾಜುಪಟ್ಟಿ ಮಾಡುವುದು ಎಲ್ಲ ಸಾಮಾನ್ಯವಾಗಿ ಬಿಸಿಲಿನ ದಿನಗಳಲ್ಲಿ. ಪಾಠ ಶುರುವಾಗುವುದು ಮಾತ್ರ ಮಳೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕೇಳುವುದು ‘ಸರ್ವಋತು ಕಟ್ಟಡ’ವನ್ನು. ನಮ್ಮಲ್ಲಿ ಆ ಮಾತಿಗೆ ಅರ್ಥವೇನು ಎಂದು ಜುಲೈ ತಿಂಗಳೇ ಹೇಳುತ್ತದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ; ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದನೇ ತರಗತಿಯ ಮಗು ಅಕ್ಷರಕ್ಕೆ ಕಿವಿ ಕೊಡುವುದೂ ಇದೇ ನಾಲ್ಕು ತಿಂಗಳು. ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ಮಗುವಿಗೆ ‘ಹುಲಿ–ಹುಳಿ’, ‘ಮನೆ–ಮಣೆ’, ‘ಬೆಲೆ–ಬೆಳೆ’ ಬರೀ ಉಚ್ಚಾರದ ಪ್ರಶ್ನೆಯಲ್ಲ. ಪದ ಗೊತ್ತಿದ್ದವರು ಅರ್ಧ ಕೇಳಿಸಿದರೂ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ಪದವೇ ಹೊಸದಾದ ಮಗು ಏನನ್ನು ಊಹಿಸೀತು? ಅದಕ್ಕೇ ನಮ್ಮಲ್ಲಿ ಶಾಲೆಯ ವಿನ್ಯಾಸದ ಮೊದಲ ಕೆಲಸ ಕಿವಿಗೆ ಸಂಬಂಧಿಸಿದ್ದು ಎನ್ನುತ್ತೇನೆ. ಗೋಡೆಯ ಮೇಲಿನ ಚಿತ್ರ ಆಮೇಲೆ.

ತಗಡಿನ ಮಾಡು ಅಗ್ಗ, ಬೇಗ ಮುಗಿಯುತ್ತದೆ. ಆದರೆ ತೆಳು ತಗಡು ಪ್ರತಿ ಹನಿಗೂ ನಡುಗಿ ಡೋಲಿನಂತೆ ಬಡಿಯುತ್ತದೆ. ಇದಕ್ಕೆ ಥರ್ಮೋಕೋಲ್ ಹಾಳೆ ಕಟ್ಟುವವರಿದ್ದಾರೆ, ಪ್ರಯೋಜನವಿಲ್ಲ. ಅದು ಸೆಕೆಯನ್ನು ಸ್ವಲ್ಪ ತಡೆದೀತು, ಸದ್ದನ್ನು ತಡೆಯಲು ತೂಕ ಬೇಕು. ಸಿಮೆಂಟ್ ಬೋರ್ಡಿನದೋ ಹಲಗೆಯದೋ ಮುಚ್ಚಿಗೆಯನ್ನು ತಗಡಿಗಿಂತ ಅರ್ಧ ಅಡಿ ಕೆಳಗೆ ಕೊಡಿ, ಗೋಡೆಗೆ ತಾಗುವ ಸಂದನ್ನು ಪೂರ್ತಿ ಮುಚ್ಚಿ. ಬೆರಳಗಲ ಬಿಟ್ಟರೂ ಸದ್ದು ಅಲ್ಲಿಂದಲೇ ಇಳಿಯುತ್ತದೆ. ತಗಡಿನ ಮೇಲೆ ಸೋಗೆ ಹೊದಿಸಿದರೆ ಹನಿಯ ಹೊಡೆತ ತಗ್ಗುತ್ತದೆ ನಿಜ, ಆದರೆ ಒದ್ದೆ ಸೋಗೆಯಡಿ ತಗಡು ಬೇಗ ತುಕ್ಕು ಹಿಡಿಯುತ್ತದೆ. ಒಂದು ಮಳೆಗಾಲ ದಾಟಿಸಲು ಮಾತ್ರ ಆದೀತು.

ಹೊಸದಾಗಿ ಕಟ್ಟುವುದಾದರೆ ಹಂಚಿನ ಮಾಡೇ ಮೇಲು. ಮಾಡಿನ ಒಂದೊಂದು ಬದಿಗೂ 10 ಅಡಿ ಅಗಲಕ್ಕೆ 6 ಅಡಿ ಏರಿಕೆ ಇರಲಿ. ಇಳಿಜಾರು ಕಡಿಮೆಯಾದರೆ ಗಾಳಿ ನೀರನ್ನು ಹಂಚಿನ ಸಂದಿಯೊಳಗೆ ಮೇಲಕ್ಕೆ ನೂಕುತ್ತದೆ. ಸೂರು 3 ಅಡಿ ಹೊರಗೆ ಚಾಚಿರಲಿ. ಪ್ರತಿ ಕೋಣೆಗೆ ಏಳೆಂಟು ಗಾಜಿನ ಹಂಚು ಚದುರಿಸಿ ಹಾಕಿ, ಒಂದೇ ಕಡೆ ಬೇಡ. ಕರೆಂಟು ಹೋದ ಮಬ್ಬು ಮಧ್ಯಾಹ್ನ ಅಷ್ಟೇ ಬೆಳಕು. ಮೇ ಕೊನೆಗೆ ಅವುಗಳ ಪಾಚಿ ಉಜ್ಜಿಸಲು ಮರೆಯಬೇಡಿ.

ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಲಿ-ಕಲಿ ಕೋಣೆಗೆ ಹೀಗೆ ಮೇಲಿಂದ ಚದುರಿ ಬೀಳುವ ಬೆಳಕು ಇನ್ನೂ ಮುಖ್ಯ. ಅಲ್ಲಿ ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಾಗಿ ನೆಲದ ಮೇಲೆ ಸುತ್ತ ಕೂರುತ್ತಾರೆ, ಎಲ್ಲರ ಮುಖ ಒಂದೇ ದಿಕ್ಕಿಗಿಲ್ಲ. ಒಂದೇ ಬದಿಯ ಕಿಟಕಿ ಇದ್ದರೆ ಕೆಲವು ಮಕ್ಕಳ ಪುಸ್ತಕದ ಮೇಲೆ ಅವರದ್ದೇ ನೆರಳು. ಮಕ್ಕಳು ಬರೆಯುವ ಗೋಡೆ ಹಲಗೆ ನೆಲದಿಂದ 1 ಅಡಿಗೆ ಶುರುವಾಗಿ ಮೂರೂವರೆ ಅಡಿಗೆ ಮುಗಿಯಲಿ. ಅದನ್ನು ಪಡುವಣ ಗೋಡೆಗೆ ಮಾಡಬೇಡಿ. ಇರಚಲು ಹೊಡೆದ ಚಿರೆಕಲ್ಲು ನೀರು ಕುಡಿದು ಒಳಗೆ ತಂಡಿ ಬಿಡುತ್ತದೆ, ಸೀಮೆಸುಣ್ಣ ಹತ್ತದೆ ಜಾರುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಗೆ ಇರಚಲು ತಾಗುವುದಿಲ್ಲ, ಹಲಗೆ ಅಲ್ಲಿಗೇ ಸರಿ.

ಇನ್ನು ಕೊಡೆ. ನಕ್ಷೆಯಲ್ಲಿ ಇದಕ್ಕೆ ಜಾಗ ಇಟ್ಟದ್ದು ಅಪರೂಪ. 30 ಮಕ್ಕಳೆಂದರೆ 30 ಕೊಡೆ. ಒಳಗೆ ತಂದರೆ ನೆಲವೆಲ್ಲ ನೀರು, ನುಣುಪು ಟೈಲ್ಸ್ ಹಾಕಿದ್ದರೆ ಬೀಳುವುದು ಖಂಡಿತ; ಕೂರುವ ಚಾಪೆಯೂ ಒದ್ದೆ. ಜಗಲಿಯ ಒಳಗೋಡೆಗೆ 3 ಅಡಿ ಎತ್ತರದಲ್ಲಿ, ಅರ್ಧ ಅಡಿಗೊಂದರಂತೆ ಮರದ ಗೂಟ ಹೊಡೆಯಿರಿ. 30 ಗೂಟಕ್ಕೆ 15 ಅಡಿ ಸಾಕು, 20 ಅಡಿಯ ಕೋಣೆಯಾದರೆ ಬಾಗಿಲಿಗೂ ಜಾಗ ಉಳಿಯುತ್ತದೆ. ಗೂಟಗಳ ಕೆಳಗೆ ನಾಲ್ಕು ಬೆರಳಗಲದ ಕಾಲುವೆ ತೆಗೆದು ಹೊರಗೆ ಇಳಿಜಾರು ಕೊಡಿ. ಕಬ್ಬಿಣದ ಕೊಕ್ಕೆ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಮಕ್ಕಳ ಕೈ ಗೀರುತ್ತದೆ. ಇದೇ ತುಕ್ಕು ಕಾಂಕ್ರೀಟ್ ಮಾಡಿನೊಳಗೂ ನಡೆಯುತ್ತದೆ: ಸರಳು ಉಬ್ಬಿ ಕೆಳಗಿನ ಸಿಮೆಂಟನ್ನು ಒಡೆದು ಉದುರಿಸುತ್ತದೆ. ಸ್ಲ್ಯಾಬಿನಡಿ ಸರಳಿನ ಉದ್ದಕ್ಕೆ ಕಂದು ಗೆರೆ ಕಂಡ ದಿನವೇ ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಕೂರಿಸಿ. ಮೇಲೆ ಸಾರಣೆ ಮಾಡಿ ಮುಚ್ಚುವುದು ಅಪಾಯವನ್ನು ಅಡಗಿಸಿಟ್ಟಂತೆ.

ಇಷ್ಟಕ್ಕೆಲ್ಲ ಪರೀಕ್ಷೆ ಸುಲಭ. ಜೋರು ಮಳೆಯ ಹೊತ್ತು ಶಿಕ್ಷಕರು ಹಲಗೆಯ ಬಳಿ ನಿಂತು, ಎಂದಿನ ದನಿಯಲ್ಲಿ, ಲ–ಳ, ನ–ಣ ಇರುವ 20 ಪದ ಓದಲಿ. ಹಿಂದೆ ಕೂತ ನಾಲ್ಕನೇ ತರಗತಿಯವರು ಬರೆಯಲಿ. ಮಳೆ ಬಿಟ್ಟ ದಿನ ಅವೇ ಪದಗಳನ್ನು ಕ್ರಮ ಬದಲಿಸಿ ಮತ್ತೊಮ್ಮೆ ಬರೆಸಿ. ಎರಡು ದಿನದ ತಪ್ಪುಗಳ ನಡುವಿನ ವ್ಯತ್ಯಾಸ ಮಕ್ಕಳದ್ದಲ್ಲ, ಮಾಡಿನದ್ದು. ಜಗಲಿಯಲ್ಲಿ ಇರಚಲು ಎಲ್ಲಿವರೆಗೆ ಬಂತೆಂದು ಪೇಂಟಿನಲ್ಲಿ ಗೆರೆ ಎಳೆಯಿರಿ, ಸೀಮೆಸುಣ್ಣವಾದರೆ ತೊಳೆದುಹೋಗುತ್ತದೆ. ಆ ಕಾಗದಗಳನ್ನೂ ಗೆರೆಯ ಫೋಟೋವನ್ನೂ ದೀಪಾವಳಿಯೊಳಗೆ ಪಂಚಾಯ್ತಿಗೆ ಕೊಟ್ಟರೆ ಅಂದಾಜುಪಟ್ಟಿಗೆ ಸಮಯ ಸಿಗುತ್ತದೆ, ಏಪ್ರಿಲ್ ರಜೆಯಲ್ಲಿ ಕೆಲಸ ಹಿಡಿಯಬಹುದು. ಎಂಜಿನಿಯರು ಫೆಬ್ರವರಿಯಲ್ಲಿ ಬಂದು ನಿಂತಾಗಲೂ ಆ ಗೆರೆ ಜಗಲಿಯ ಮೇಲಿರುತ್ತದೆ.