ಮತ ಕೇಳಲು ಮತ್ತೆ ಬರಬೇಕಾದವನು

ಆತ್ಮೀಯ ಕೇಳುಗರೇ, ನಮಸ್ಕಾರ.

ಬೆಳಗಿನ ಈ ಹೊತ್ತಿನಲ್ಲಿ ಬಾನುಲಿಗೆ ಕಿವಿಗೊಡುವವರು ಯಾರೆಂದು ನನಗೆ ಅಂದಾಜಿದೆ. ಡೇರಿಗೆ ಹಾಲು ಹಾಕಿ ಬಂದು ಕಾಫಿ ಲೋಟ ಹಿಡಿದು ಕುಳಿತವರು, ಒಲೆಯ ಮುಂದೆ ಒಗ್ಗರಣೆ ಹಾಕುತ್ತಿರುವವರು, ಪರೀಕ್ಷೆಗೆ ಓದುತ್ತಲೇ ಒಂದು ಕಿವಿಯನ್ನು ಇತ್ತ ಕೊಟ್ಟಿರುವ ಮಕ್ಕಳು, ಮಲ್ಪೆ ಗಂಗೊಳ್ಳಿಗಳ ದಕ್ಕೆಯಲ್ಲಿ ಬಲೆ ಸರಿಮಾಡುತ್ತಿರುವವರು. ನಿಮಗೆ ಇಂದು ಒಂದೇ ಒಂದು ಮಾತು ಹೇಳಬೇಕೆಂದು ಬಂದಿದ್ದೇನೆ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ಮೇಲೂ ನನಗೆ ಇದಕ್ಕಿಂತ ಮುಖ್ಯವಾದ ಮಾತು ಸಿಕ್ಕಿಲ್ಲ.

ಜನರೇ ಮತ ಹಾಕಿ ಸರ್ಕಾರ ಕಟ್ಟಿಕೊಂಡಿರುವ ಎರಡು ದೇಶಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗಿರುವುದು ಚರಿತ್ರೆಯಲ್ಲಿ ಬಹಳ ಅಪರೂಪ. ಅಂಥ ದೇಶಗಳು ಜಗಳವಾಡುವುದಿಲ್ಲವೇ? ಬೇಕಾದಷ್ಟು ಆಡುತ್ತವೆ. ನೆಲಕ್ಕೆ, ನೀರಿಗೆ, ಮೀನಿಗೆ, ಸುಂಕಕ್ಕೆ ವರ್ಷಗಟ್ಟಲೆ ಕಚ್ಚಾಡುತ್ತವೆ. ಆದರೆ ಹೆಣ ಬೀಳುವ ಹಂತಕ್ಕೆ ಬಂದಾಗ ಎರಡೂ ನಿಲ್ಲುತ್ತವೆ. ಏಕೆ ನಿಲ್ಲುತ್ತವೆ? ಯುದ್ಧ ಸಾರುವವನು ಮತ ಕೇಳಲು ನಿಮ್ಮ ಬಾಗಿಲಿಗೆ ಮತ್ತೆ ಬರಬೇಕು. ಇಷ್ಟೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರ ವಿವರ.

ಈ ವಿಚಾರವನ್ನು ಮೊದಲು ಬಿಡಿಸಿ ಬರೆದವರಲ್ಲಿ ಇಮ್ಯಾನುಯೆಲ್ ಕಾಂಟ್ ಒಬ್ಬ. ಪ್ರಷ್ಯಾದ ಕೋನಿಗ್ಸ್‌ಬರ್ಗ್ ಎಂಬ ಊರಿನ ತತ್ತ್ವಜ್ಞಾನಿ, ಆ ಊರು ಈಗ ರಷ್ಯಾಕ್ಕೆ ಸೇರಿದೆ. 1795ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಆತ ಶಾಶ್ವತ ಶಾಂತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಡಚ್ಚರ ದೇಶದ ಒಂದು ವಸತಿಗೃಹದ ಫಲಕದ ಮೇಲೆ ಸ್ಮಶಾನದ ಚಿತ್ರ ಬರೆದು 'ಶಾಶ್ವತ ಶಾಂತಿ' ಎಂದು ಹೆಸರು ಕೊಟ್ಟಿದ್ದರಂತೆ. ಪುಸ್ತಕ ಶುರುವಾಗುವುದೇ ಆ ಫಲಕದಿಂದ. ಅವನ ವಾದ ಸರಳ. ಅರಸನೊಬ್ಬ ಯುದ್ಧ ಸಾರಿದರೆ ಅವನ ಔತಣ ತಪ್ಪುವುದಿಲ್ಲ, ಬೇಟೆ ನಿಲ್ಲುವುದಿಲ್ಲ, ಅರಮನೆಯ ಒಂದು ಹಂಚೂ ಕದಲುವುದಿಲ್ಲ. ಅದೇ ಪ್ರಜೆಗಳನ್ನು ಕೇಳಿ ಯುದ್ಧ ಸಾರಬೇಕೆಂದಾದರೆ ಅವರು ಹತ್ತು ಸಲ ಯೋಚಿಸುತ್ತಾರೆ. ಕಾದಾಡುವವರು ಅವರೇ, ಖರ್ಚು ಕೊಡುವವರು ಅವರೇ, ಹಾಳಾದದ್ದನ್ನು ಮತ್ತೆ ಕಟ್ಟಬೇಕಾದವರು ಅವರೇ, ಸಾಲ ತೀರಿಸಬೇಕಾದವರೂ ಅವರೇ.

ಇನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದ ಕಥೆಗೆ ಬರುತ್ತೇನೆ. ಇದು ಮೀನಿನ ಕಥೆ.

ಯುರೋಪಿನ ಉತ್ತರ ತುದಿಯ ಸಮುದ್ರದಲ್ಲಿ ಐಸ್‌ಲೆಂಡ್ ಎಂಬ ದ್ವೀಪವಿದೆ. 1970ರ ದಶಕದಲ್ಲಿ ಅಲ್ಲಿದ್ದವರು ಎರಡು ಲಕ್ಷ ಚಿಲ್ಲರೆ ಜನ, ಆಗಿನ ಮೈಸೂರು ನಗರಕ್ಕಿಂತ ಕಡಿಮೆ. ಸೈನ್ಯವೇ ಇಲ್ಲದ ದೇಶ ಅದು. ಕರಾವಳಿ ಕಾಯುವ ಬೆರಳೆಣಿಕೆಯ ಹಡಗುಗಳು, ಒಂದೊಂದರ ಮೇಲೂ ಹಳೆಯ ಕಾಲದ ಒಂದು ತೋಪು. ಹೊಟ್ಟೆಪಾಡು ಬಹುಪಾಲು ಕಾಡ್ ಎಂಬ ಮೀನಿನ ಮೇಲೆ. ಅತ್ತ ಬ್ರಿಟನ್ನಿನ ಹಲ್, ಗ್ರಿಮ್ಸ್‌ಬಿ ಬಂದರುಗಳ ಟ್ರಾಲ್ ದೋಣಿಗಳು ತಲೆಮಾರುಗಳಿಂದ ಇದೇ ಮೀನಿಗಾಗಿ ಇದೇ ಕಡಲಿಗೆ ಬರುತ್ತಿದ್ದವು. ಟ್ರಾಲ್ ಬಲೆ ಸಮುದ್ರದ ತಳ ಗುಡಿಸಿದರೆ ಮರುವರ್ಷ ಏನು ಉಳಿಯುತ್ತದೆ ಎಂಬುದನ್ನು ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ. ಮೀನು ಕಡಿಮೆಯಾಗುತ್ತಾ ಬಂತು. ಐಸ್‌ಲೆಂಡ್ ತನ್ನ ಗಡಿಯನ್ನು ಕಡಲಿನ ಒಳಕ್ಕೆ ಸರಿಸುತ್ತಾ ಹೋಯಿತು. 1958ರಲ್ಲಿ 12 ಮೈಲಿ, 1972ರಲ್ಲಿ 50 ಮೈಲಿ, 1975ರಲ್ಲಿ 200 ಮೈಲಿ. ಇವು ಕಡಲ ಮೈಲಿಗಳು. 200 ಎಂದರೆ ಸುಮಾರು 370 ಕಿಲೋಮೀಟರ್. ಪ್ರತಿ ಸಲವೂ ಬ್ರಿಟನ್ ಒಪ್ಪಲಿಲ್ಲ, ಪ್ರತಿ ಸಲವೂ ತನ್ನ ದೋಣಿಗಳ ಕಾವಲಿಗೆ ಯುದ್ಧನೌಕೆಗಳನ್ನು ಕಳುಹಿಸಿತು. ಪತ್ರಿಕೆಗಳು ಇದನ್ನು 'ಕಾಡ್ ಯುದ್ಧ' ಎಂದು ಕರೆದವು.

ಐಸ್‌ಲೆಂಡಿನವರು ಒಂದು ಉಪಕರಣ ಮಾಡಿಕೊಂಡಿದ್ದರು. ನೋಡಲು ಲಂಗರಿನ ಹಾಗೆ, ಕೊಕ್ಕೆಗಳ ಒಳಮೈಗೆ ಹರಿತವಾದ ಅಲಗು. ಕಾವಲು ಹಡಗು ಅದನ್ನು ನೀರಿನಲ್ಲಿ ಎಳೆದುಕೊಂಡು ಟ್ರಾಲ್ ದೋಣಿಯ ಹಿಂದಿನಿಂದ ಅಡ್ಡ ಹಾಯ್ದರೆ ಬಲೆ ಎಳೆಯುವ ಉಕ್ಕಿನ ಹಗ್ಗ ತುಂಡಾಗುತ್ತಿತ್ತು. ಬಲೆ, ಬಲೆಯೊಳಗಿನ ಮೀನು ಎರಡೂ ಸಮುದ್ರದ ಪಾಲು. ಅದನ್ನು ಮೊದಲ ಬಾರಿ ಬಳಸಿದ್ದು 1972ರ ಸೆಪ್ಟೆಂಬರ್ 5ರಂದು, ಏಗಿರ್ ಎಂಬ ಹಡಗು. ಎದುರಿಗಿದ್ದ ಕಪ್ಪು ಬಣ್ಣದ ಟ್ರಾಲ್ ದೋಣಿಯ ಮೇಲೆ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಹೆಸರು ಕೇಳಿದರೆ ಹೇಳಲಿಲ್ಲ, ಎಚ್ಚರಿಕೆ ಕೊಟ್ಟರೆ ನಿಸ್ತಂತುವಿನಲ್ಲಿ ಬ್ರಿಟನ್ನಿನ ದೇಶಭಕ್ತಿಗೀತೆಯನ್ನು ನುಡಿಸಿದರು! ಏಗಿರ್ ಹಗ್ಗ ಕತ್ತರಿಸಿಯೇಬಿಟ್ಟಿತು. ಸಿಟ್ಟಿಗೆದ್ದ ಮೀನುಗಾರರು ಕೈಗೆ ಸಿಕ್ಕಿದ್ದನ್ನೆಲ್ಲ ಏಗಿರ್ ಮೇಲೆ ಎಸೆದರು: ಕಲ್ಲಿದ್ದಲು, ಕಸ, ಕೊನೆಗೆ ಬೆಂಕಿ ಆರಿಸುವವರ ದೊಡ್ಡ ಕೊಡಲಿ.

ಇದು ವರ್ಷಗಟ್ಟಲೆ ನಡೆಯಿತು. 1973ರ ಮೇ ತಿಂಗಳಲ್ಲಿ ಐಸ್‌ಲೆಂಡಿನ ಹಡಗು ಒಂದು ಟ್ರಾಲ್ ದೋಣಿಯ ಮೇಲೆ ಗುಂಡು ಹಾರಿಸಿ ಅದರ ಮೈಗೆ ತೂತು ಮಾಡಿತು. ರೇಕ್ಯಾವಿಕ್ ನಗರದಲ್ಲಿ ಜನ ಬ್ರಿಟಿಷ್ ರಾಯಭಾರ ಕಚೇರಿಗೆ ಕಲ್ಲು ಹೊಡೆದರು. 1976ರ ಫೆಬ್ರವರಿಯಲ್ಲಿ ಐಸ್‌ಲೆಂಡ್ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಫಾಲ್ಮತ್ ಎಂಬ ಯುದ್ಧನೌಕೆ ಟೀರ್ ಎಂಬ ಕಾವಲು ಹಡಗಿಗೆ ಎಷ್ಟು ಜೋರಾಗಿ ಗುದ್ದಿತೆಂದರೆ ಟೀರ್ ಮಗುಚುವುದರಲ್ಲಿತ್ತು. ಟೀರ್ ಹಡಗಿನ ಕಪ್ತಾನ ತೋಪಿನ ಬಳಿ ಆಳುಗಳನ್ನು ನಿಲ್ಲಿಸಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ರಿಟನ್ ಮನಸ್ಸು ಮಾಡಿದ್ದರೆ ಒಂದು ಬೆಳಗಿನಲ್ಲಿ ಆ ಇಡೀ ಕಾವಲು ಪಡೆಯನ್ನು ಮುಳುಗಿಸಬಹುದಿತ್ತು. ಮುಳುಗಿಸಲಿಲ್ಲ. ಮೂರು ಕಾಡ್ ಯುದ್ಧಗಳನ್ನು ಕೂಡಿಸಿದರೂ ಜೀವ ಕಳೆದುಕೊಂಡವನು ಒಬ್ಬ. ಐಸ್‌ಲೆಂಡಿನ ಒಬ್ಬ ಎಂಜಿನಿಯರ್, ಡಿಕ್ಕಿಯಾದ ಹಡಗಿನ ದುರಸ್ತಿ ಮಾಡುತ್ತಿದ್ದಾಗ ವಿದ್ಯುತ್ ತಗುಲಿ ತೀರಿಕೊಂಡ.

ಬ್ರಿಟನ್ನಿನ ಮಂತ್ರಿಗಳಿಗೆ ಸಂಸತ್ತು ಇತ್ತು. ಸೈನ್ಯವಿಲ್ಲದ ನೆರೆಯ ದೇಶದ ನಾವಿಕರನ್ನು ಮೀನಿಗಾಗಿ ಕೊಂದು ಬಂದು ಸಂಸತ್ತಿನಲ್ಲಿ ಎದ್ದು ನಿಂತು ಏನು ಹೇಳುವುದು? ಮುಂದಿನ ಚುನಾವಣೆಯಲ್ಲಿ ಯಾವ ಮುಖ ತೋರಿಸುವುದು? ಅತ್ತ ಐಸ್‌ಲೆಂಡಿನ ಪ್ರಧಾನಿಗೂ ತನ್ನ ಜನ ಇದ್ದರು. ಆತ ಹಿಂದೆ ಸರಿಯುವಂತಿಲ್ಲ ಎಂಬುದು ಲಂಡನ್ನಿಗೆ ಚೆನ್ನಾಗಿ ಗೊತ್ತಿತ್ತು. ಗೂಢಚಾರರು ಬೇಕಾಗಿರಲಿಲ್ಲ, ಅಲ್ಲಿನ ಪತ್ರಿಕೆ ಓದಿದರೆ ಸಾಕು, ಸಂಸತ್ತಿನ ಚರ್ಚೆ ಕೇಳಿದರೆ ಸಾಕು. ಎರಡೂ ಕಡೆ ಬಾಗಿಲು ತೆರೆದಿತ್ತು, ಒಬ್ಬರ ಕಷ್ಟ ಇನ್ನೊಬ್ಬರಿಗೆ ಕಾಣುತ್ತಿತ್ತು. ಐಸ್‌ಲೆಂಡಿನ ಕೆಫ್ಲಾವಿಕ್‌ನಲ್ಲಿದ್ದ ಸೇನಾನೆಲೆ ಕೈತಪ್ಪಬಾರದೆಂದು ಅಮೆರಿಕಕ್ಕಿತ್ತು, ಈ ಮೂರೂ ದೇಶಗಳು ಸೇರಿದ್ದ ನೇಟೋ ಎಂಬ ರಕ್ಷಣಾ ಕೂಟ ನಡುವೆ ಬಂತು, ಇದನ್ನೆಲ್ಲ ದೊಡ್ಡ ದೊಡ್ಡ ಗ್ರಂಥಗಳು ಹೇಳುತ್ತವೆ. ಹೇಳಲಿ. ನಾನು ನಿಮಗೆ ತೋರಿಸಬೇಕೆಂದಿರುವುದು ಒಬ್ಬ ಮನುಷ್ಯನನ್ನು.

ಅವರ ಹೆಸರು ಆಂಥನಿ ಕ್ರಾಸ್‌ಲೆಂಡ್. 1976ರ ಏಪ್ರಿಲಿನಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾದರು. ಜೂನ್ ತಿಂಗಳ ಆರಂಭದಲ್ಲಿ ಆಸ್ಲೋ ನಗರದಲ್ಲಿ ಐಸ್‌ಲೆಂಡಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. 200 ಮೈಲಿ ಗಡಿಯ ಒಳಗೆ ಒಂದು ದಿನಕ್ಕೆ ಸರಾಸರಿ 24 ಟ್ರಾಲ್ ದೋಣಿ ಮಾತ್ರ, ಅದೂ ಆರೇ ತಿಂಗಳು, ಅದರ ನಂತರದ ಭರವಸೆ ಇಲ್ಲ. ಬ್ರಿಟನ್ ಸೋತಿತ್ತು. ಈಗ ಕೇಳಿ, ಆ ಕ್ರಾಸ್‌ಲೆಂಡ್ ಯಾವ ಕ್ಷೇತ್ರದ ಸಂಸದ? ಗ್ರಿಮ್ಸ್‌ಬಿ! 1959ರಿಂದ ಅದೇ ಗ್ರಿಮ್ಸ್‌ಬಿ! ಯಾರ ಹೊಟ್ಟೆಗೆ ಆ ಸಹಿ ಕಲ್ಲು ಹಾಕುತ್ತಿತ್ತೋ ಅವರ ಮತದಿಂದಲೇ ಗೆದ್ದು ಬಂದವರು. ಸಹಿ ಹಾಕಿದವರಿಗೆ ದಕ್ಕೆಯ ಜನರ ಗುರುತಿತ್ತು, ಅವರ ಮುಂದೆ ಹೋಗಿ ನಿಲ್ಲಬೇಕೆಂಬುದೂ ತಿಳಿದಿತ್ತು. ಸುಳ್ಳು ಗೆಲುವಿಗಾಗಿ ಹಡಗುಗಳಿಗೆ ಗುಂಡು ಹಾರಿಸಿ ಎನ್ನುವುದಕ್ಕಿಂತ ನಿಜವಾದ ಸೋಲನ್ನು ತನ್ನ ಊರಿಗೆ ಹೋಗಿ ಹೇಳುವುದು ಕಷ್ಟ. ಆ ಕಷ್ಟವನ್ನು ಅವರು ಆರಿಸಿಕೊಂಡರು. ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ.

ಎಂಟು ತಿಂಗಳಲ್ಲಿ ಕ್ರಾಸ್‌ಲೆಂಡ್ ತೀರಿಕೊಂಡರು. 1977ರ ಏಪ್ರಿಲಿನಲ್ಲಿ ಗ್ರಿಮ್ಸ್‌ಬಿಗೆ ಉಪಚುನಾವಣೆ ಬಂತು. ಅದೇ ದಿನ ನಡೆದ ಇನ್ನೊಂದು ಉಪಚುನಾವಣೆಯಲ್ಲಿ ಅವರ ಲೇಬರ್ ಪಕ್ಷ ಸೋತಿತು. ಗ್ರಿಮ್ಸ್‌ಬಿಯಲ್ಲಿ ಮಾತ್ರ 520 ಮತಗಳಿಂದ ಗೆದ್ದಿತು. ಕೆಲಸ ಕಳೆದುಕೊಂಡ ಮೀನುಗಾರರು ತಮ್ಮ ಪಾಲು ಕೇಳುವುದನ್ನು ಬಿಡಲಿಲ್ಲ. ವರ್ಷಾನುಗಟ್ಟಲೆ ಕೇಳಿ, 2000ದಲ್ಲಿ ಸರ್ಕಾರದಿಂದ ಪರಿಹಾರ ಪಡೆದರು. ಹಾಗೆಯೇ ನಮ್ಮ ಕರಾವಳಿಯವರು ಗಮನಿಸಿ, ಭಾರತವೂ 1976ರಲ್ಲೇ 200 ಮೈಲಿಯ ಕಾನೂನು ಮಾಡಿತು.

ಈಗ ಅದೇ ಬ್ರಿಟನ್, ಆರೇ ವರ್ಷದ ನಂತರ. 1982ರ ಮಾರ್ಚ್ 30ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಕಾರ್ಮಿಕರು ಸೇನಾಡಳಿತದ ವಿರುದ್ಧ ಬೀದಿಗಿಳಿದರು, ಪೊಲೀಸರು ಅವರನ್ನು ಹೊಡೆದು ಚದುರಿಸಿದರು. ಏಪ್ರಿಲ್ 2ರಂದು ಅದೇ ಸೇನಾಧಿಕಾರಿಗಳು ಬ್ರಿಟನ್ನಿನ ವಶದಲ್ಲಿದ್ದ ಫಾಕ್‌ಲೆಂಡ್ ದ್ವೀಪಗಳಿಗೆ ಸೈನ್ಯ ಇಳಿಸಿದರು. ಆ ಸೇನಾಡಳಿತದ ಮುಖ್ಯಸ್ಥ ಜನರಲ್ ಗಾಲ್ಟಿಯೇರಿ ಯಾರನ್ನು ಕೇಳಿದ? ಯಾರನ್ನೂ ಕೇಳಲಿಲ್ಲ. ಅವನು ಯಾರ ಬಾಗಿಲಿಗೂ ಮತ ಕೇಳಲು ಹೋಗಬೇಕಾಗಿರಲಿಲ್ಲ. ಬ್ರಿಟನ್ ಯುದ್ಧನೌಕೆ ಕಳುಹಿಸಿತು, ಈ ಸಲ ಅದು ಬರೀ ಗುದ್ದಾಟದಲ್ಲಿ ನಿಲ್ಲಲಿಲ್ಲ. ಅರ್ಜೆಂಟೀನಾದ 649 ಜನ ಸತ್ತರು, ಅವರಲ್ಲಿ ಕಡ್ಡಾಯ ಸೇವೆಗೆ ಹಿಡಿದು ತಂದ ಹದಿನೆಂಟು ಹತ್ತೊಂಬತ್ತರ ಹುಡುಗರು ಎಷ್ಟೋ ಮಂದಿ. ಬ್ರಿಟನ್ನಿನವರು 255 ಮಂದಿ. ಮೂವರು ದ್ವೀಪದ ಹೆಂಗಸರು.

ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ. 'ಸರ್, ಹಾಗಾದರೆ ಕಾರ್ಗಿಲ್? ಆಗ ಪಾಕಿಸ್ತಾನದಲ್ಲೂ ಚುನಾಯಿತ ಪ್ರಧಾನಿ ಇದ್ದರಲ್ಲ?' ಇದ್ದರು, ನಿಜ. ಆದರೆ ನಾನು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಚುನಾವಣೆ ನಡೆದರೆ ಸಾಕು ಎಂದು ನಾನು ಹೇಳಲೇ ಇಲ್ಲ. ಯುದ್ಧ ಸಾರುವವನೇ ಮತ ಕೇಳಲು ಬರಬೇಕು. 1999ರ ಫೆಬ್ರವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋದರು, ಇಬ್ಬರು ಚುನಾಯಿತ ಪ್ರಧಾನಿಗಳು ಘೋಷಣೆಗೆ ಸಹಿ ಹಾಕಿದರು. ಆದರೆ ಸೈನಿಕರನ್ನು ಕಾರ್ಗಿಲ್ ಬೆಟ್ಟ ಹತ್ತಿಸುವ ತೀರ್ಮಾನ ಪಾಕಿಸ್ತಾನದ ಸೇನಾಧಿಕಾರಿಗಳ ಕೋಣೆಯಲ್ಲಿ ಆಗಿತ್ತು. ಅದೇ ವರ್ಷದ ಅಕ್ಟೋಬರ್ 12ರಂದು ಆ ಸೇನೆಯ ಮುಖ್ಯಸ್ಥ ಚುನಾಯಿತ ಪ್ರಧಾನಿಯನ್ನೇ ಕೆಳಗಿಳಿಸಿದ. ಯಾರ ಕೈಯಲ್ಲಿ ಕೀಲಿ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ನಮ್ಮ 527 ಯೋಧರು ಮನೆಗೆ ಮರಳಲಿಲ್ಲ.

ಇನ್ನು ಹೆಚ್ಚು ಸಮಯ ಉಳಿದಿಲ್ಲ, ಬೇಗ ಹೇಳುತ್ತೇನೆ. ಅರ್ಜೆಂಟೀನಾದ ಉಳಿದ ಕಥೆ ಹೇಳದೆ ಎದ್ದರೆ ನನಗೆ ಸಮಾಧಾನವಿಲ್ಲ. 1978ರ ಡಿಸೆಂಬರಿನಲ್ಲಿ ಅಲ್ಲಿನ ಸೇನಾಡಳಿತ ಪಿಕ್ಟನ್, ಲೆನಾಕ್ಸ್, ನುಯೇವಾ ಎಂಬ ಮೂರು ಪುಟ್ಟ ದ್ವೀಪಗಳಿಗಾಗಿ ಚಿಲಿಯ ಮೇಲೆ ಯುದ್ಧಕ್ಕೆ ಹೊರಟೇಬಿಟ್ಟಿತ್ತು. ಪೋಪ್ ನಡುವೆ ಬಂದು ತಡೆದರು. ಅವರು ಸೂಚಿಸಿದ ಪರಿಹಾರವನ್ನು ಸೇನಾಡಳಿತ ಒಪ್ಪದೆ ಎಳೆದಾಡಿತು. 1983ರಲ್ಲಿ ಚುನಾವಣೆ ನಡೆದು ಅಲ್ಫಾನ್ಸಿನ್ ಅಧ್ಯಕ್ಷರಾದರು. ಅವರು ಮಾಡಿದ ಕೆಲಸ ನೋಡಿ: ಈ ದ್ವೀಪಗಳನ್ನು ಬಿಟ್ಟುಕೊಟ್ಟು ನೆಮ್ಮದಿಯಾಗಿ ಇರೋಣವೇ ಎಂದು ಜನರನ್ನೇ ಕೇಳಿದರು. 1984ರ ನವೆಂಬರ್ 25ರಂದು ಮತದಾನ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹೌದು ಎಂದರು. ಫಾಕ್‌ಲೆಂಡಿನಲ್ಲಿ ಮಕ್ಕಳನ್ನು ಕಳೆದುಕೊಂಡು ಎರಡೂವರೆ ವರ್ಷ ಆಗಿದ್ದ ದೇಶ ಅದು.

ಮರುವರ್ಷ ಪಕ್ಕದ ಬ್ರೆಜಿಲಿನಲ್ಲೂ ಸೇನಾಡಳಿತ ಹೋಗಿ ನಾಗರಿಕ ಸರ್ಕಾರ ಬಂತು. ಎರಡೂ ದೇಶಗಳ ಸೈನಿಕ ಸರ್ಕಾರಗಳು ಒಂದಕ್ಕೊಂದು ಮರೆಮಾಡಿ ಅಣುಯೋಜನೆಗಳನ್ನು ನಡೆಸಿದ್ದವು. 1987ರಲ್ಲಿ ಬ್ರೆಜಿಲಿನ ಅಧ್ಯಕ್ಷ ಸಾರ್ನೆ ಅವರನ್ನು ಅಲ್ಫಾನ್ಸಿನ್ ತಮ್ಮ ಪಿಲ್ಕನಿಯೆವು ಯುರೇನಿಯಂ ಸ್ಥಾವರದ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಮರುವರ್ಷ ಬ್ರೆಜಿಲ್ ತನ್ನ ಸ್ಥಾವರಕ್ಕೆ ಅವರನ್ನು ಕರೆಯಿತು. 1991ರಲ್ಲಿ ಎರಡೂ ಸೇರಿ ಒಂದು ತಪಾಸಣಾ ಸಂಸ್ಥೆ ಕಟ್ಟಿದವು. ಬ್ರೆಜಿಲಿನ ತಪಾಸಕರು ಅರ್ಜೆಂಟೀನಾದ ಸ್ಥಾವರಗಳಿಗೆ ಹೋಗುತ್ತಾರೆ, ಅರ್ಜೆಂಟೀನಾದವರು ಬ್ರೆಜಿಲಿಗೆ ಬರುತ್ತಾರೆ, ಪುಸ್ತಕ ತೆರೆಸಿ ಲೆಕ್ಕ ನೋಡುತ್ತಾರೆ. ಆ ಕೆಲಸ ಇಂದಿಗೂ ನಡೆಯುತ್ತಿದೆ.

ನಮಸ್ಕಾರ.